ಸಹನಾಳ ಪರವಾಗಿ ನಾನು ಹೇಳಿದ ಹೂಂ

ಸಹನಾ ತಂಡ ಬಿಡಲು ಒಪ್ಪಿರಲಿಲ್ಲ. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ. "ಒಪ್ಪಿದ್ದಾಳೆ" ಎಂದು ಸುಳ್ಳು ಹೇಳಿದವಳು ನಾನು — ಆಮೇಲೆ "ನಿನಗೋಸ್ಕರ ಜಗಳ ಆಡಿದೆ" ಎಂದು ಅವಳಿಗೇ ಇನ್ನೊಂದು ಸುಳ್ಳು ಹೇಳಿದವಳೂ ನಾನೇ. ಎರಡನೆಯದು ಮೊದಲನೆಯದಕ್ಕಿಂತ ಹೊಲಸು. ಇಷ್ಟು ವರ್ಷ ಇದನ್ನು ಗಂಡನಿಗೂ ಹೇಳಿರಲಿಲ್ಲ.

ಆಗ ನಾವು ಸ್ವೀಡನ್ನಿನ ಸೋಲ್ನಾದಲ್ಲಿದ್ದೆವು. ಸ್ಟಾಕ್‌ಹೋಮ್ ಸುತ್ತಮುತ್ತಲ ಭಾರತೀಯ ಹೆಂಗಸರು ಸೇರಿ ಬಾಸ್ಕೆಟ್‌ಬಾಲಿನ ಒಂದು ಸಣ್ಣ ಲೀಗ್ ಕಟ್ಟಿಕೊಂಡಿದ್ದೆವು. ಶನಿವಾರ ಬೆಳಿಗ್ಗೆ ಶಾಲೆಯೊಂದರ ಹಾಲನ್ನು ಕೊಮ್ಮೂನ್‌ನವರು, ಅಂದರೆ ಇಲ್ಲಿಯ ಪುರಸಭೆಯವರು, ಬಾಡಿಗೆಗೆ ಕೊಡುತ್ತಿದ್ದರು. ಕನ್ನಡದವರ ತಂಡಕ್ಕೆ ನಾನು ನಾಯಕಿ. ವಯಸ್ಸಿನಲ್ಲೂ ದೊಡ್ಡವಳಾದ್ದರಿಂದ ಎಲ್ಲರಿಗೂ ವಿದ್ಯಕ್ಕ. ಸಹನಾ ಧಾರವಾಡದ ಹುಡುಗಿ. ಕಾಲೇಜಿನ ದಿನಗಳಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದ್ದಳಂತೆ. ಗಂಡನ ಕೆಲಸದ ಪರ್ಮಿಟ್ ಮೇಲೆ ಬಂದಿದ್ದಳು, ತನಗಿನ್ನೂ ಕೆಲಸವಿರಲಿಲ್ಲ, ಸ್ವೀಡಿಷ್ ನಾಲಿಗೆಗೆ ಹತ್ತಿರಲಿಲ್ಲ. ಒಮ್ಮೆ ಶೂ ಲೇಸ್ ಕಟ್ಟುತ್ತಾ ಹೇಳಿದ್ದಳು, "ವಾರ ಪೂರ್ತಿ ಮಾತಾಡೋಕೆ ಒಬ್ರೂ ಇರಲ್ಲ ಅಕ್ಕಾ. ಶನಿವಾರ ಬಂದ್ರೆ ಸಾಕು ಅನ್ಸುತ್ತೆ." ಅಷ್ಟು ಗೊತ್ತಿತ್ತು ನನಗೆ. ಗೊತ್ತಿದ್ದೂ —

ನಮ್ಮದು ಕುಳ್ಳರ ತಂಡ. ಬುಟ್ಟಿಯ ಕೆಳಗೆ ಹೋದೆವೆಂದರೆ ಮುಗಿಯಿತು, ನಮ್ಮ ತಲೆಯ ಮೇಲಿಂದಲೇ ಚೆಂಡು ಕಸಿದುಕೊಳ್ಳುತ್ತಿದ್ದರು. ಗೆಲ್ಲಬೇಕಾದ ಆಟಗಳನ್ನೆಲ್ಲ ಕೊನೆಯಲ್ಲಿ ಕೈಬಿಟ್ಟು ಮನೆಗೆ ಬಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಊರಿನ ದಕ್ಷಿಣ ತುದಿಯ ತಂಡದಲ್ಲಿ ಅನಘಾ ಎಂಬವಳಿದ್ದಳು. ಕನ್ನಡದವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಆಗಷ್ಟೇ ಕಾಲೇಜು ಸೇರಿದ್ದಳು, ನಮಗಿಂತ ಒಂದು ತಲೆ ಎತ್ತರ. ಬುಟ್ಟಿಗೆ ಬೆನ್ನು ಮಾಡಿ ಗಟ್ಟಿಯಾಗಿ ನಿಲ್ಲುವಳು. ಚೆಂಡು ಕೈಗೆ ಬಂತೋ, ಭುಜದಿಂದ ಒಂದು ನೂಕು, ಗರಕ್ಕನೆ ಒಂದು ತಿರುವು, ಎರಡು ಪಾಯಿಂಟ್. ಇವಳೊಬ್ಬಳು ನಮ್ಮ ಕಡೆ ಬಂದರೆ ಎಂಬ ಹುಚ್ಚು ಹಿಡಿಯಿತು. ಅವರ ನಾಯಕಿ, ಹೈದರಾಬಾದಿನ ಜ್ಯೋತಿ, ಬದಲಿಗೆ ಸಹನಾಳನ್ನು ಬಿಟ್ಟುಕೊಡಿ ಎಂದು ನನ್ನನ್ನು ಕೇಳಿದಳು.

ನಿಜ ಹೇಳಿಬಿಡುತ್ತೇನೆ — ಗೆಲ್ಲುವ ಆಸೆಯೊಂದೇ ಆಗಿರಲಿಲ್ಲ. ಆಟದ ನಡುವೆ ಹುಡುಗಿಯರು ನನ್ನ ಮುಖ ಬಿಟ್ಟು ಸಹನಾಳ ಮುಖ ನೋಡತೊಡಗಿದ್ದರು. ಅದು ನನಗೆ ಚುಚ್ಚುತ್ತಿತ್ತು.

ಆಟಗಾರ್ತಿಯರನ್ನು ಅದಲುಬದಲು ಮಾಡಲು ಲೀಗಿನಲ್ಲಿ ಒಂದೇ ನಿಯಮ: ಹೋಗುವವಳು ತಾನೇ ಒಪ್ಪಬೇಕು. ತೀರ್ಮಾನವೆಲ್ಲ ಇಲ್ಲಿಯವರ ರೀತಿ. ಫೀಕಾಕ್ಕೆಂದು ಕೂತು, ಕಾಫಿ ಕುಡಿಯುತ್ತಾ, ಯಾರೂ ದನಿ ಏರಿಸದೆ, ಎಲ್ಲರೂ ತಲೆಯಾಡಿಸುವವರೆಗೆ ಮಾತು. "ಸಹನಾ ಏನಂತಾರೆ?" ಎಂದು ಕಮಿಟಿಯ ಹಿರಿಯರೊಬ್ಬರು ಕೇಳಿದರು.

"ಅವ್ಳು ನನ್ ತಂಗಿ ಇದ್ದಂಗೆ. ಹೂಂ ಅಂದಿದ್ದಾಳೆ."

ಅಷ್ಟೇ. ಅಕ್ಕ ಹೇಳಿದ ಮೇಲೆ ತಂಗಿಯನ್ನು ಮತ್ತೆ ವಿಚಾರಿಸುವ ರೂಢಿ ನಮ್ಮವರಲ್ಲಿ ಇಲ್ಲವಲ್ಲ. ಎಲ್ಲರೂ ತಲೆಯಾಡಿಸಿದರು. ಯಾರಾದರೂ ಅವಳಿಗೊಂದು ಫೋನ್ ಮಾಡಿಯಾರು ಎಂದು ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದೆ. ಯಾರೂ ಮಾಡಲಿಲ್ಲ.

ಮರುದಿನ ಟ್ರಾಮ್ ಸ್ಟಾಪಿನಲ್ಲಿ, ಅವಳನ್ನು ಜ್ಯೋತಿಯ ತಂಡಕ್ಕೆ ಕೊಟ್ಟಾಯಿತು ಎಂದು ಹೇಳಿದೆ; ಒಪ್ಪಿಗೆ ಬೇಕೆಂಬ ನಿಯಮ ಅವಳಿಗೆ ಗೊತ್ತಿರಲಿಲ್ಲ. "ಕಮಿಟಿಯೋರು ನನ್ ಮಾತು ಕೇಳ್ಲೇ ಇಲ್ಲ ಕಣೇ. ನಿನಗೋಸ್ಕರ ಜಗಳಾನೇ ಆಡ್ದೆ." ನಮ್ಮ ಜೊತೆ ಬೆಂಗಳೂರಿನವರಂತೆ ಮಾತಾಡಲು ಅಭ್ಯಾಸ ಮಾಡಿಕೊಂಡಿದ್ದವಳು ಆ ಹೊತ್ತಿಗೆ ತನ್ನೂರಿನ ಮಾತಿಗೆ ಬಂದಳು. "ಇರ್ಲಿ ಬಿಡ್ರಿ ಅಕ್ಕಾ. ನೀವರೆ ಏನ್ ಮಾಡ್ತೀರಿ." ಸಮಾಧಾನ ಮಾಡುವವಳಂತೆ ನನ್ನ ಕೈ ಹಿಡಿದುಕೊಂಡಳು. ಆಗಲೇ ಹೇಳಬಹುದಿತ್ತು. ಟ್ರಾಮ್ ಬಂತು, ಹತ್ತಿಬಿಟ್ಟೆ.

ತಂಡ ಸುಧಾರಿಸಿತೇ? ಮೊದಲೆರಡು ಆಟ ಅನಘಾ ಒಬ್ಬಳೇ ಗೆಲ್ಲಿಸಿದಳು, ಕುಣಿದಾಡಿದೆವು. ಆಮೇಲೆ ಎದುರಿನವರು ಅವಳ ಮೇಲೆ ಇಬ್ಬರನ್ನು ಬಿಡತೊಡಗಿದರು. ಇಬ್ಬರ ನಡುವಿನಿಂದ ಅವಳ ಕೈಗೆ ಚೆಂಡು ದಾಟಿಸುವವರು ಬೇಕಿತ್ತು — ನಮ್ಮಲ್ಲಿ ಅದು ಬರುತ್ತಿದ್ದದ್ದು ಸಹನಾಳಿಗೆ ಮಾತ್ರ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಬುದ್ಧಿ. ಅನಘಾ ಪಾಪ ಕೈ ಎತ್ತಿಕೊಂಡು ನಿಂತೇ ಇರುತ್ತಿದ್ದಳು, ನಾವು ಸುತ್ತ ನಿಂತು ಅವಳನ್ನು ನೋಡುತ್ತಿದ್ದೆವು. ಮೊದಲಿಗಿಂತ ಹೆಚ್ಚೇ ಸೋತೆವು. ಗೆದ್ದಿದ್ದರೆ ಈ ತಪ್ಪು ನನ್ನನ್ನು ಇಷ್ಟು ಕಾಡುತ್ತಿತ್ತೇ? — ಗೊತ್ತಿಲ್ಲ. ನನಗೆ ನನ್ನ ಬಗ್ಗೆ ಹೆದರಿಕೆ ಹುಟ್ಟುವುದು ಅಲ್ಲೇ.

ಸಹನಾ ಹೋದ ತಂಡದಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ರೈಲು ಬದಲಿಸಿ ಹೋಗಬೇಕು. ಕೆಲವು ವಾರ ಹೋದಳು, ಆಮೇಲೆ ಆಟವನ್ನೇ ಬಿಟ್ಟಳು. ಶನಿವಾರ ಏನು ಮಾಡುತ್ತೀಯ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನಂತರ ಗಂಡ ಹೆಂಡತಿ ಕಾರ್ಲ್‌ಸ್ಕ್ರೂನಾ ಎಂಬ ದೂರದ ಊರಿಗೆ ಹೋದರು. ಅಲ್ಲಿ ಅವಳಿಗೂ ಕೆಲಸ ಸಿಕ್ಕಿತು. ಪ್ರತಿ ಯುಗಾದಿಗೂ ಫೋನ್ ಮಾಡುವಳು, ಪಕ್ಕದಲ್ಲಿದ್ದವರಿಗೆ ಹೇಳುವುದು ನನಗೂ ಕೇಳಿಸುತ್ತಿತ್ತು: "ವಿದ್ಯಕ್ಕ, ನನಗಾಗಿ ಜಗಳ ಆಡಿದೋರು." ಹಬ್ಬ ಹತ್ತಿರ ಬಂದಂತೆ ಫೋನನ್ನು ಕಣ್ಣಿಗೆ ಬೀಳದ ಕಡೆ ಇಡುತ್ತಿದ್ದೆ.

ಈ ಚಳಿಗಾಲ ಹಬ್ಬಕ್ಕೆ ಮೊದಲೇ ಫೋನ್ ಬಂತು. ಮತ್ತೆ ಆಡಲು ಶುರುಮಾಡಿದ್ದಾಳಂತೆ, ಅಲ್ಲಿಯ ಹುಡುಗಿಯರ ತಂಡವೊಂದನ್ನು ನೋಡಿಕೊಳ್ಳುತ್ತಾಳಂತೆ. ಎತ್ತರದ ಒಬ್ಬ ಹುಡುಗಿ ಸಿಗುತ್ತಾಳೆ, ಬದಲಿಗೆ ತನ್ನವಳೊಬ್ಬಳನ್ನು ಬಿಟ್ಟುಕೊಡಬೇಕು. "ಏನ್ ಮಾಡ್ಲಿ ಅಕ್ಕಾ? ನಿಮ್ಮನ್ನ ಬಿಟ್ರೆ ಯಾರನ್ನ ಕೇಳ್ಲಿ?"

ಮೊದಲು ನೀನು ಬಿಟ್ಟುಕೊಡುವ ಹುಡುಗಿಯನ್ನು ಕೇಳು ಅಂದೆ. ಆಮೇಲೆ, ನಿನ್ನನ್ನು ಯಾರೂ ಕೇಳಿರಲಿಲ್ಲ ಅಂದೆ — ಫೀಕಾದಲ್ಲಿ ನಾನು ಆಡಿದ ಮಾತು, ಆಡದೇ ಇದ್ದ ಜಗಳ, ನನ್ನ ಹೊಟ್ಟೆಕಿಚ್ಚು, ಎಲ್ಲವನ್ನೂ ಹೇಳಿದೆ.

"ನೀವು ಕೇಳಿದ್ರ ಹೋಗ್ತಿದ್ದೆ" ಅಂದಳು. "ನಿಮ್ಮ ಸಲುವಾಗಿ ಹೂಂ ಅಂತಿದ್ದೆ. ಒಂದ್ ಮಾತು ಕೇಳಬೇಕಿತ್ರಿ."

ಆಮೇಲೆ ಅವಳು ಫೋನ್ ಮಾಡಿಲ್ಲ. ಯುಗಾದಿಯೂ ಕಳೆಯಿತು. ನಾನಿನ್ನೂ ಕ್ಷಮಿಸು ಎಂದು ಕೇಳಿಲ್ಲ. ಕೇಳಿದರೆ ಅವಳು ಅದಕ್ಕೂ ಹೂಂ ಅಂದುಬಿಡುತ್ತಾಳೆ.