ಮೆರುಗು ಅಳಿಸಿದ ಅಕ್ಕಸಾಲಿಗ

ನಾಗರಾಜಾಚಾರ್ರಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕಿ ಹೊಳೆಯಿಸುವ ಚಾಳಿ. ಶ್ರೀರಂಗಪಟ್ಟಣದ ಪೇಟೆ ಬೀದಿಯ ಅವರ ಮನೆಯಲ್ಲಿ ಬಾಗಿಲ ಚಿಲಕದಲ್ಲಿ ಮುಖ ನೋಡಿಕೊಳ್ಳಬಹುದು. ಬಚ್ಚಲಿನ ನಲ್ಲಿಯೂ ಹಾಗೇ. ಒಮ್ಮೆ ದೋಸೆ ಕಾವಲಿಯ ಮೇಲ್ಮೈಯನ್ನೂ ಮಿರಮಿರ ಮಿಂಚುವಂತೆ ಮಾಡಿಟ್ಟು ಹೆಂಡತಿ ನಾಗಲಕ್ಷ್ಮಮ್ಮನಿಂದ ಚೆನ್ನಾಗಿ ಬೈಸಿಕೊಂಡರು. ಕಪ್ಪು ಹಿಡಿದ ಕಾವಲಿಯಲ್ಲೇ ದೋಸೆ ಸರಿಯಾಗಿ ಏಳುವುದು ಎಂದು ಆಕೆ ಹೇಳಿದ್ದು ಅವರ ತಲೆಗೆ ಹೋಗಲಿಲ್ಲ. ಹೊಳಪು ಬರದಿದ್ದರೆ ಅದು ಅರ್ಧಕ್ಕೆ ನಿಂತ ಕೆಲಸ ಎಂದು ಅವರ ಅಪ್ಪ ಕಲಿಸಿದ್ದರು, ಇವರು ಐವತ್ನಾಲ್ಕನೇ ವಯಸ್ಸಿನವರೆಗೂ ನಂಬಿದ್ದರು.

ಆ ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಮನೆಯ ಮುಂಭಾಗದ ಎಂಟಡಿ ಅಗಲದ ಅಂಗಡಿ, ಅರಗಳು, ಊದುಗೊಳವೆ, ಮತ್ತೆ ಒಂದು ಉಕ್ಕಿನ ಮುದ್ರೆ. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಶಂಖ. ಮನೆತನದವರು ಮಾಡಿದ ಪ್ರತಿ ಒಡವೆಯ ಒಳಮೈಗೂ ಅದು ಬೀಳುತ್ತಿತ್ತು. ಈಗ ಜನ ಮೈಸೂರಿನ ಷೋರೂಮಿಗೆ ಹೋಗಿ, ಸರ್ಕಾರದ ಮುದ್ರೆ ಬಿದ್ದ ತಾಳಿಯನ್ನು ಪೆಟ್ಟಿಗೆ ಸಮೇತ ತರುತ್ತಾರೆ. ಆಚಾರ್ರ ಹತ್ತಿರ ಬರುವುದು ತುಂಡಾದ ಸರ, ತಿರುಪು ಸಡಿಲವಾದ ಓಲೆ. ಬೆಸುಗೆ ಹಾಕಿ ಕಳಿಸುವ ಕೆಲಸಕ್ಕೆ ಶಂಖ ಯಾಕೆ? ಎಂಟು ವರ್ಷದಿಂದ ಅದು ಡಬ್ಬಿಯಲ್ಲೇ ಮಲಗಿತ್ತು.

ನಾಗಲಕ್ಷ್ಮಮ್ಮನ ಕಡೆಯವರೊಬ್ಬರು ಮೈಸೂರಿನ ಅಂಥದೇ ಒಂದು ಷೋರೂಮಿನಲ್ಲಿ ಆಚಾರ್ರಿಗೆ ಕೆಲಸ ಗೊತ್ತು ಮಾಡಿದ್ದರು. ಜನ ತರುವ ಹಳೆಯ ಚಿನ್ನವನ್ನು ಯಂತ್ರದೊಳಗೆ ಇಟ್ಟು, ಅದು ತೋರಿಸುವ ಅಂಕಿಯನ್ನು ಓದಿ ಹೇಳುವುದು. ಬಿಳಿ ಷರ್ಟು ಹಾಕಿಕೊಂಡು ನಿಂತೇ ಇರಬೇಕು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬರಲು ಹೇಳಿದ್ದರು. ಆಕೆ ಷರ್ಟನ್ನೂ ತಂದು ಇಸ್ತ್ರಿ ಮಾಡಿಟ್ಟಿದ್ದಳು. ಆಚಾರ್ರು ಆ ಷರ್ಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೈಯಿಂದ ಏನನ್ನೂ ಮಾಡದೆ ಉಳಿದ ಆಯುಸ್ಸು ಕಳೆಯಬೇಕಲ್ಲ ಎಂಬುದೊಂದೇ ಅವರ ಭಯ.

ಅಷ್ಟರಲ್ಲಿ ತಿಮ್ಮೇಶ ಬಂದ. ಪಾಂಡವಪುರದ ಸ್ಟೇಷನ್ ರಸ್ತೆಯಲ್ಲಿ ಬೈಕ್ ಗ್ಯಾರೇಜು ಇಟ್ಟಿರುವವನು. ಮೂವತ್ತು ದಾಟಿದ್ದರೂ ಮಣ್ಣಿನ ಟ್ರ್ಯಾಕಿನ ರೇಸೆಂದರೆ ಊಟ ಬಿಟ್ಟು ಓಡುವ ಆಸಾಮಿ. ಬಂದದ್ದು ಹೆಂಡತಿಯ ಓಲೆಗೆ ತಿರುಪು ಹಾಕಿಸಲು. ಆಚಾರ್ರು ಕೂದಲೆಳೆಯಷ್ಟು ಬೆಸುಗೆಯನ್ನು ಉಸಿರು ಬಿಗಿಹಿಡಿದು ಹಾಕುವುದನ್ನು ನೋಡಿದವನು ಹೊರಗೆ ಹೋಗಿ, ಚೀಲದಿಂದ ಒಂದು ಅಲ್ಯೂಮಿನಿಯಂ ಗಟ್ಟಿ ತಂದು ಹಲಗೆಯ ಮೇಲಿಟ್ಟ. ಅವನ ರೇಸ್ ಬೈಕಿನ ಎಂಜಿನ್ನಿನ ಹೆಡ್ಡು, ಎಂದರೆ ಮೇಲಿನ ಮುಚ್ಚಳದ ಭಾಗ.

"ಆಚಾರ್ರೆ, ಇದ್ರ ಒಳೀಕೆ ನಿಮ್ ಅರ ಆಡ್ತದಾ ನೋಡಿ," ಎಂದ. "ಈ ತೂತಲ್ಲಿ ಗಾಳಿ ಪೆಟ್ರೋಲು ಒಳೀಕ್ ಬತ್ತದೆ, ಈ ತೂತಲ್ಲಿ ಒಗೆ ಆಚೀಕ್ ಓಗ್ತದೆ. ಕಂಪ್ನಿಯವ್ರು ಎರಕ ಉಯ್ದು ಅಂಗೇ ಬುಟ್ಟವ್ರೆ, ಇಟ್ಗೆ ಇದ್ದಂಗದೆ. ಗಾಳಿಗೆ ತಡೆ ಆಗ್ಬಾರ್ದು."

ಆಚಾರ್ರಿಗೆ ಬೈಕು ಓಡಿಸಲು ಬರುವುದಿಲ್ಲ. ಆದರೂ ಹೆಡ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಳಗಿನ ದಾರಿ ನೇರವಾಗಿರಲಿಲ್ಲ. ಅಗಲವಾಗಿ ಹೊರಟು, ಮೆಲ್ಲನೆ ಬಾಗಿ, ವಾಲ್ವು ಕೂರುವ ಕಡೆ ಸೊಂಟದಂತೆ ಸಣ್ಣಗಾಗಿ ಮತ್ತೆ ಅರಳುತ್ತಿತ್ತು. ಆ ವಾಲ್ವು ಸೆಕೆಂಡಿಗೆ ಎಂಬತ್ತು ಸಲ ತೆರೆದು ಮುಚ್ಚಬೇಕೆಂದು, ಮುಚ್ಚಿದಾಗ ಒಂದು ಹನಿಯೂ ಸೋರಬಾರದೆಂದು ತಿಮ್ಮೇಶ ಹೇಳಿದ. ಇಂಥ ಬಿಗಿಯನ್ನು ಆಚಾರ್ರು ಒಡವೆಯಲ್ಲಿ ಮಾತ್ರ ಕಂಡಿದ್ದರು. ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಇಷ್ಟು ಬುದ್ಧಿ ಖರ್ಚು ಮಾಡಿದ ಪುಣ್ಯಾತ್ಮ ಯಾರೋ ಎಂದು ಅವರಿಗೆ ಸಂತೋಷವೇ ಆಯಿತು.

"ಇದೂ ಒಡವೇನೇ ಕಣಪ್ಪ. ಬುಟ್ಟೋಗು," ಎಂದರು.

ಹನ್ನೊಂದು ದಿನ ಕೂತರು. ಮೊದಲು ಅರ, ಆಮೇಲೆ ಉಜ್ಜುವ ಒರಟು ಎಮರಿ ಪೇಪರು, ಅದಕ್ಕಿಂತ ನಯವಾದ ಪೇಪರು, ಕೊನೆಗೆ ಚಿನ್ನಕ್ಕೆ ಕೊಡುವ ಮೆರುಗು. ಒಳಬರುವ ದಾರಿ, ಹೊರಹೋಗುವ ದಾರಿ ಎರಡೂ ಕನ್ನಡಿಯಾದವು. ಕೆಲಸ ಮುಗಿದ ಮಧ್ಯಾಹ್ನ ಡಬ್ಬಿ ತೆರೆದು, ಹೆಡ್ಡಿನ ಹೊರಮೈಯಲ್ಲಿ ಕಾಣುವ ಜಾಗ ನೋಡಿ ಶಂಖವನ್ನು ಒತ್ತಿದರು. ಎಂಟು ವರ್ಷದ ಮೇಲೆ ಸುತ್ತಿಗೆಯ ಆ ಒಂದು ಪೆಟ್ಟು ಬಿದ್ದಾಗ ಅವರ ಕಣ್ಣು ತುಂಬಿತು. ತಿಮ್ಮೇಶ ಗ್ಯಾರೇಜಿಗೆ ಬಂದವರಿಗೆಲ್ಲ ಟಾರ್ಚು ಬಿಟ್ಟು ತೋರಿಸಿದ. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಗೆದ್ದರೆ ನಾಲ್ಕು ತಾಲ್ಲೂಕಿನ ಹುಡುಗರೂ ನಿಮ್ಮ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ ಎಂದು ತಿಮ್ಮೇಶ ಹೇಳಿದ್ದನ್ನು ಆಚಾರ್ರು ಹೆಂಡತಿಗೆ ಎರಡು ಸಲ ಹೇಳಿದರು.

ರೇಸು ನಾಗಮಂಗಲದಿಂದ ಬಿಂಡಿಗನವಿಲೆಗೆ ಹೋಗುವ ದಾರಿಯಲ್ಲಿ, ರಾಗಿ ಕೊಯ್ದು ಖಾಲಿಯಾದ ಹೊಲದಲ್ಲಿ. ಆಚಾರ್ರು ಎರಡು ಬಸ್ಸು ಬದಲಿಸಿ ಹೋದರು. ನೇರ ದಾರಿಯಲ್ಲಿ ಬೈಕು ಬಾಣದ ಹಾಗೆ ಹೋಯಿತು. ಆದರೆ ತಿರುವಿನಲ್ಲಿ ನಿಧಾನಿಸಿ ಮತ್ತೆ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಗಂಟಲಿಗೆ ನೀರು ಹತ್ತಿದಂತೆ ಕೆಮ್ಮಿ, ಮುಗ್ಗರಿಸಿ, ಆಮೇಲೆ ಎದ್ದಿತು. ಅಷ್ಟರಲ್ಲಿ ಇಬ್ಬರು ಮೂವರು ಮುಂದೆ ಹೋಗಿರುತ್ತಿದ್ದರು. ತಿಮ್ಮೇಶ ಕೊನೆಯಿಂದ ಎರಡನೆಯವನಾಗಿ ಬಂದ.

"ನಿಮ್ದೇನೂ ಇಲ್ಲ ಬುಡಿ ಆಚಾರ್ರೆ, ನಿಮ್ ಕೆಲ್ಸ ಬಂಗಾರ. ನಾನೇ ಕಾರ್ಬೊರೇಟರಲ್ಲಿ ಏನೋ ಎಡವಟ್ಟು ಮಾಡಿವ್ನಿ," ಎಂದ, ಮುಖದ ಮಣ್ಣು ಒರೆಸಿಕೊಳ್ಳುತ್ತ.

ವಾರವಿಡೀ ಗಾಳಿಗೆ ಪೆಟ್ರೋಲು ಬೆರೆಸುವ ಆ ಕಾರ್ಬೊರೇಟರಿನ ಬಿಡಿಭಾಗ ಬದಲಿಸಿದ. ಕೆಮ್ಮು ಹೋಗಲಿಲ್ಲ. ವಾಲ್ವು ಸೋರುತ್ತಿದೆಯೋ ಏನೋ ಎಂದು ಹೆಡ್ಡನ್ನು ಮತ್ತೆ ಬಿಚ್ಚಿ ಆಚಾರ್ರಿಗೇ ಕೊಟ್ಟುಹೋದ. ವಾಲ್ವು ಸೋರುತ್ತಿರಲಿಲ್ಲ. ಆಚಾರ್ರು ಕಣ್ಣಿಗೆ ಭೂತಕನ್ನಡಿ ಇಟ್ಟುಕೊಂಡು ಒಳಬರುವ ದಾರಿಯನ್ನು ನೋಡಿದರು. ಕನ್ನಡಿಯಂಥ ಅದರ ತಳದಲ್ಲಿ ಒಂದು ಮಸುಕು ಗೆರೆ. ಮೆಕ್ಯಾನಿಕ್ಕಿನ ಕಣ್ಣಿಗೆ ಅದು ಗೆರೆಯೇ ಅಲ್ಲ. ಜೀವಮಾನವೆಲ್ಲ ಒಡವೆಯ ಕಲೆ ಹುಡುಕಿದವರಿಗೆ ಎದ್ದು ಕಂಡಿತು: ಇಲ್ಲಿ ಏನೋ ಹರಿದಿದೆ.

ಎರಡು ಹಿತ್ತಾಳೆ ತಗಡು ತೆಗೆದುಕೊಂಡರು. ಒಂದಕ್ಕೆ ಮೆರುಗು ಕೊಟ್ಟರು, ಇನ್ನೊಂದನ್ನು ಎಮರಿ ಪೇಪರಿನಲ್ಲಿ ಉಜ್ಜಿ ಹಾಗೇ ಬಿಟ್ಟರು. ಎರಡನ್ನೂ ಓರೆಯಾಗಿಟ್ಟು, ಮೇಲೆ ಪೆಟ್ರೋಲು ಚಿಮುಕಿಸಿ ಊದುಗೊಳವೆಯಿಂದ ಮೆಲ್ಲಗೆ ಊದಿದರು. ಹೊಳೆಯುವ ತಗಡಿನ ಮೇಲೆ ಹನಿಗಳು ಒಂದಕ್ಕೊಂದು ಕೂಡಿ ಧಾರೆಯಾಗಿ ಜಾರಿದವು. ಒರಟು ತಗಡಿನ ಮೇಲೆ ತೆಳ್ಳಗೆ ಹರಡಿ, ಊದುತ್ತಿದ್ದಂತೆ ಆರಿಹೋದವು.

"ಮನೇಲಿ ಪೆಟ್ರೋಲ್ ನಾತ ಏನ್ರೀ? ಮನೆಗೆ ಬೆಂಕಿ ಇಕ್ಕೀರಾ?" ಎಂದು ನಾಗಲಕ್ಷ್ಮಮ್ಮ ಒಳಗಿನಿಂದ ಬಂದಳು.

ಆಚಾರ್ರು ತಗಡಿನಿಂದ ಕಣ್ಣೆತ್ತದೆ ಲೆಕ್ಕ ಹಾಕುತ್ತಿದ್ದರು. ವೇಗವಾಗಿ ಹೋಗುವಾಗ ಗಾಳಿಯ ಸೆಳೆತಕ್ಕೆ ಪೆಟ್ರೋಲು ಮಂಜಿನಂತೆ ಹಾರಿಹೋಗುತ್ತದೆ. ತಿರುವಿನಲ್ಲಿ ಗಾಳಿ ಕಡಿಮೆಯಾದರೆ ಅದು ಆ ನುಣುಪಿನ ಮೇಲೆ ಕೂತು, ಧಾರೆಯಾಗಿ ಎಂಜಿನ್ನಿನ ಗಂಟಲಿಗೆ ಸುರಿಯುತ್ತದೆ. ಹೊಗೆ ಹೋಗುವ ದಾರಿಗೆ ಹೊಳಪು ಒಳ್ಳೆಯದೇ, ಮಸಿ ಹಿಡಿಯುವುದಿಲ್ಲ. ಒಳಬರುವ ದಾರಿಯನ್ನು ಎಮರಿ ಪೇಪರಿಗೇ ನಿಲ್ಲಿಸಬೇಕಿತ್ತು. ಕೆಟ್ಟದ್ದು ಅವರ ಮೆರುಗಿನಿಂದ. ಅದೂ ಅಪ್ಪನ ಮುದ್ರೆ ಒತ್ತಿದ ಮೆರುಗು.

ಎಲ್ಲವನ್ನೂ ಹೆಂಡತಿಗೆ ಹೇಳಿದರು. ಆಕೆ ತಗಡುಗಳನ್ನು ಕೈಗೆತ್ತಿಕೊಂಡು ಬೆರಳಾಡಿಸಿದಳು.

"ನಮ್ ಕಾವ್ಲಿ ಕತೆನೇ ಆಯ್ತಲ್ಲ," ಎಂದಳು. "ಓಗಿ ಯೋಳ್ಬುಡಿ. ಅವನ್ ಕೆಲ್ಸ ಕೊಡ್ದಿದ್ರೆ ಮೈಸೂರ್ ಅದೆಯಲ್ಲ."

ಅದೇ ಅವರನ್ನು ಚುಚ್ಚಿದ್ದು. ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ತಿಮ್ಮೇಶ ತನ್ನನ್ನೇ ಬೈದುಕೊಂಡಿರುತ್ತಿದ್ದ, ಇವರ ಕೈ ಬಂಗಾರವಾಗಿಯೇ ಉಳಿಯುತ್ತಿತ್ತು. ಹೇಳಿದರೆ ಬಿಳಿ ಷರ್ಟು. ಅಕ್ಕಸಾಲಿಗನೆಂದರೆ ತೂಕದಲ್ಲಿ ಕಳ್ಳನೆಂದೇ ಊರು ಅನುಮಾನದಿಂದ ನೋಡುವುದನ್ನು ಅವರು ಚಿಕ್ಕಂದಿನಿಂದ ಸಹಿಸಿದ್ದರು. ಒಮ್ಮೆಯೂ ಗುಂಜಿ ಚಿನ್ನ ಕದ್ದವರಲ್ಲ. ಈಗ ಕದಿಯಲೇ? ಮಾರನೆಯ ದಿನ ಬೆಳಗಿನ ಬಸ್ಸಿಗೆ ಹೆಡ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪಾಂಡವಪುರಕ್ಕೆ ಹೊರಟರು.

"ತಪ್ಪು ನಿಂದಲ್ಲ ಕಣಪ್ಪ, ನಂದು," ಎಂದು ಗ್ಯಾರೇಜಿನಲ್ಲಿ ನಿಂತೇ ಎಲ್ಲ ಹೇಳಿದರು.

ತಿಮ್ಮೇಶ ಕೈಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ಭಾನ್ವಾರ ಕೆ.ಆರ್. ಪೇಟೇಲಿ ರೇಸದೆ. ಈಗ ಏನ್ ಮಾಡನ?" ಎಂದ.

"ಒಳಪು ತಗೀತೀನಿ."

"ಅಯ್ಯೋ, ಅಂತಾ ಒಳಪ್ನಾ?"

ಆಚಾರ್ರು ಅಲ್ಲೇ ಹಳೆಯ ಟೈರಿನ ಮೇಲೆ ಕೂತು, ಕಡ್ಡಿಗೆ ಎಮರಿ ಪೇಪರು ಸುತ್ತಿದರು. ಮೊದಲ ಗೀರಿಗೆ ಕೈ ಒಪ್ಪಲಿಲ್ಲ. ಹನ್ನೊಂದು ದಿನದ ಮೆರುಗು ಅರ್ಧ ಗಂಟೆಯಲ್ಲಿ ಬೂದು ಬಣ್ಣಕ್ಕೆ ತಿರುಗಿತು. ಕೊನೆಗೆ ಅರ ತೆಗೆದು ಹೊರಮೈಯ ಶಂಖವನ್ನೂ ಉಜ್ಜಿಹಾಕಿದರು. ತಪ್ಪಿನ ಮೇಲೆ ಅಪ್ಪನ ಗುರುತು ಇರುವುದು ಅವರಿಗೆ ಬೇಡವಾಗಿತ್ತು. ತಿಮ್ಮೇಶ ಅದನ್ನು ನೋಡಿದ.

ಒಂದನೇ ತಾರೀಖಿಗೆ ಎರಡು ದಿನ ಮೊದಲು ಆ ಭಾನುವಾರ. ಕೆ.ಆರ್. ಪೇಟೆಯ ಟ್ರ್ಯಾಕಿನಲ್ಲಿ ಆಚಾರ್ರು ಗೆಲ್ಲುವ ಗೆರೆಯ ಹತ್ತಿರ ಹೋಗದೆ, ಎಲ್ಲಕ್ಕಿಂತ ಕಡಿದಾದ ತಿರುವಿನ ಬಳಿ ನಿಂತರು. ಧೂಳಿಗೆ ಏನೂ ಕಾಣುತ್ತಿರಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ತಿಮ್ಮೇಶನ ಬೈಕು ಬಂತು, ಸದ್ದು ತಗ್ಗಿತು, ತಿರುಗಿತು. ಕೆಮ್ಮಲಿಲ್ಲ. ಬಟ್ಟೆ ಹರಿದಂತೆ ಒಂದೇ ಸದ್ದಿನಲ್ಲಿ ಏರುತ್ತ ಹೋಯಿತು. ಹತ್ತು ಸುತ್ತು, ಹತ್ತು ಸಲವೂ ಹಾಗೇ.

ತಿಮ್ಮೇಶ ಎರಡನೆಯವನಾಗಿ ಬಂದ. ಎಂಜಿನ್ನು ಇನ್ನೂ ಕಾದಿರುವಾಗಲೇ ಬೈಕನ್ನು ತಳ್ಳಿಕೊಂಡು ಆಚಾರ್ರ ಹತ್ತಿರ ಬಂದು, ಹೆಡ್ಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಸಂಕ ಒತ್ತಿ ಆಚಾರ್ರೆ."

"ಆ ಕನ್ನಡಿ ಕೆಲ್ಸಕ್ಕೆ ಒತ್ತಿದ್ದು ಕಣಪ್ಪ ಅದು. ಇದ್ಯಾಕೆ, ಮಸುಕ್ಲು ಕೆಲ್ಸ."

"ಆವತ್ತು ಒತ್ತಿದ್ದು ನೋಡಕ್ ಚೆಂದಿದ್ದುದ್ಕೆ. ಇವತ್ತು ಒತ್ತಿ. ಯಾರ್ ಮಾಡುದ್ರು ಅಂತ ಆಗ್ಲೇ ಇಬ್ರು ಕೇಳುದ್ರು, ಗುರ್ತು ತೋರುಸ್ಬೇಕು."

ಆಚಾರ್ರು ಜೇಬಿಗೆ ಕೈ ಹಾಕಿದರು. ಮುದ್ರೆ ಜೇಬಿನಲ್ಲೇ ಇತ್ತು. ಯಾಕೆ ತಂದಿದ್ದರೆಂದು ಅವರನ್ನು ಯಾರೂ ಕೇಳಲಿಲ್ಲ. ಹೆಡ್ಡು ಆರುವವರೆಗೆ ಕಾದು, ತಿಮ್ಮೇಶನ ಚೀಲದಲ್ಲಿದ್ದ ಸುತ್ತಿಗೆಯಲ್ಲಿ ಒಂದೇ ಪೆಟ್ಟು ಹಾಕಿದರು.

ಒಂದನೇ ತಾರೀಖು ಹತ್ತೂಕಾಲಿಗೆ ಮೈಸೂರಿನಿಂದ ಫೋನು ಬಂತು. ಆಚಾರ್ರು ಅಂಗಡಿಯಲ್ಲಿ ಹೊಸದೊಂದು ಹೆಡ್ಡಿನ ಮೇಲೆ ಬಗ್ಗಿದ್ದರು. ಮೈಮೇಲೆ ಬಿಳಿ ಷರ್ಟೇ ಇತ್ತು, ತೋಳಿನ ತುಂಬ ಗ್ರೀಸು. ನಾಗಲಕ್ಷ್ಮಮ್ಮ ಫೋನೆತ್ತಿ, ಗಂಡನ ಕಡೆ ಒಮ್ಮೆ ನೋಡಿದಳು.

"ಬರಕಾಗಕಿಲ್ಲ ಕಣಪ್ಪ," ಎಂದಳು. "ಅವ್ರಿಗೆ ಕೆಲ್ಸ ಅದೆ."