ಗೋವಾ ಬಸ್ಸಿನ ಹಸೀನಾ ಆಪಾ

ಹಸೀನಾ ಆಪಾ ನಾಲ್ಕು ಭಾಷೆಗಳಲ್ಲಿ ಜಗಳ ಆಡಬಲ್ಲವರಾಗಿದ್ದರು. ಬಸ್ಸಿನ ಕಂಡಕ್ಟರ್ ಜೊತೆ ಕನ್ನಡ, ಮನೆಯಲ್ಲಿ ಉರ್ದು, ಮೀನು ಮಾರುವವಳೊಡನೆ ಕೊಂಕಣಿ. ಮರಾಠಿಯನ್ನು ಮಾತ್ರ ಆಸ್ಪತ್ರೆಯಲ್ಲಿ ಯಾರಾದರೂ ಕಾಯಿಸಿದಾಗ ಹೊರತೆಗೆಯುತ್ತಿದ್ದರು. ಕುಳ್ಳಗಿನ ಹೆಂಗಸು, ದೊಡ್ಡ ಗಂಟಲು. ಆದರೆ ಎಚ್‌ಐವಿ ಎಂಬ ಹೆಸರನ್ನು ನಾಲ್ಕು ಜನರ ನಡುವೆ ಅವರು ಹೇಳಿದ್ದನ್ನು ನಾನು ಕೇಳಿಲ್ಲ. "ಅವನೂ ನಮ್ಮೋನೇ ತಂಗಿ" ಅನ್ನುತ್ತಿದ್ದರು. ಅಷ್ಟರಲ್ಲಿ ನಾನು ತಿಳಿದುಕೊಳ್ಳಬೇಕಿತ್ತು.

ಯಲ್ಲಾಪುರದವರು. ಗಂಡ ಗೋವಾಕ್ಕೆ ಲಾರಿ ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ತಮಗೂ ಅದೇ ಸೋಂಕು ಇರುವುದು ಗೊತ್ತಾಯಿತು. ಮಗಳನ್ನು ಸಾಕಲು ಹೊಲಿಗೆ ಮಷಿನ್ ಇಟ್ಟುಕೊಂಡರು. ಕೆಲವು ವರ್ಷಗಳ ನಂತರ, ಸೋಂಕಿತರಿಗೆ ನೆರವಾಗುವ ಶಿರಸಿಯ ನಮ್ಮ ಸಣ್ಣ ಸಂಸ್ಥೆಗೆ ಕೆಲಸಕ್ಕೆ ಬಂದರು. ನಾನು ಅಲ್ಲಿ ಆಪ್ತಸಮಾಲೋಚಕಿ. ಕಾನಸೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಸಮಾಲೋಚನೆಯನ್ನು ತರಬೇತಿಯಲ್ಲಿ ಕಲಿತಿದ್ದೆ ಎಂದುಕೊಂಡಿದ್ದೆ. ನಿಜವಾಗಿ ಕಲಿತದ್ದು ಅವರ ಹಿಂದೆ ತಿರುಗಿದಾಗ.

ದಾಸನಕೊಪ್ಪದ ರತ್ನವ್ವ ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಹೋದಾಗ ತಪ್ಪು ಮಾಡಿದ್ದು ನಾನು. "ಕೆಲಸಕ್ಕ ಹೊಂಟೀನ್ರಿ ಅಕ್ಕಾರ" ಎಂದು ಅವಳು ಹೇಳಿಯೇ ಹೋಗಿದ್ದಳು. ಅಲ್ಲಿನ ಆಸ್ಪತ್ರೆಗೊಂದು ಪತ್ರ ಕೊಡಿಸಬೇಕು ಎಂಬುದು ನನಗೆ ಹೊಳೆಯಲಿಲ್ಲ. ಇನ್ನೊಂದು ತಿಂಗಳಿಗೆ ಬರುತ್ತಾಳಲ್ಲ ಎಂದುಕೊಂಡೆ. ಅವಳು ಬರಲಿಲ್ಲ, ಫೋನ್ ಬಂತು. ಗುಳಿಗೆ ಮುಗಿದಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಪುಸ್ತಕ ಕೇಳಿದ್ದರು. ಪುಸ್ತಕ ದಾಸನಕೊಪ್ಪದ ಮನೆಯ ಟ್ರಂಕಿನಲ್ಲಿ, ಸೀರೆ ಗಂಟಿನೊಳಗಿತ್ತು. "ಶೆಡ್ಡಿನ್ಯಾಗ ಎಲ್ಲಾರೂ ಕೂಡಿ ಮಲಗ್ತೀವ್ರಿ. ಆ ಪುಸ್ತಕ ಯಾರರ ನೋಡಿದ್ರ ನನ್ನ ಗತಿ ಏನ್ರಿ?" ಎಂದು ಅತ್ತಳು. ಅತ್ತೆಗೂ ವಿಷಯ ಗೊತ್ತಿರಲಿಲ್ಲ.

ಆಪಾ ನನ್ನ ಕೈಯಿಂದ ಫೋನ್ ಇಸಿದುಕೊಂಡರು. "ಅಳ್ಬೇಡ. ನಿನ್ನ ಅತ್ತೆಗೆ ಹೇಳು, ಯಲ್ಲಾಪುರದ ಟೇಲರಮ್ಮ ಬರ್ತಾಳೆ, ಟ್ರಂಕಿನ ಸೀರೆ ಗಂಟು ಫಾಲ್ ಹಚ್ಚೋಕೆ ಕೊಡು ಅಂತ."

ಮರುದಿನ ಇಬ್ಬರೂ ದಾಸನಕೊಪ್ಪಕ್ಕೆ ಹೋದೆವು. ಅತ್ತೆ ಗಂಟು ತಂದವಳೇ, "ಎಷ್ಟ್ ಸೀರಿ ಅದಾವ ನೋಡೂನು ತಡೀರಿ" ಎಂದು ಬಿಚ್ಚಲು ಕೂತಳು. ಆಪಾ ಗಂಟಿನ ಮೇಲೆ ಕೈಯಿಟ್ಟು, "ನಿಮ್ಮದೂ ಒಂದು ಸೀರೆ ಕೊಡ್ರಿ ಅಮ್ಮಾ, ಅದಕ್ಕೂ ಹಚ್ಚಿ ತರ್ತೆ" ಎಂದರು. ಅತ್ತೆ ಮುಖ ಅರಳಿಸಿ ಒಳಗೆ ಓಡಿದಳು. ಅವಳು ಸೀರೆ ಹುಡುಕಿ ತರುವಷ್ಟರಲ್ಲಿ ಗಂಟು ಆಪಾನ ಚೀಲ ಸೇರಿತ್ತು.

ಪುಸ್ತಕ ತಲುಪಿಸಲು ಆಪಾ ಒಬ್ಬರೇ ಹೊರಟರು. ಅತ್ತೆಯ ಆ ಸೀರೆಗೆ ಗೋವಾದ ಬಸ್ಸಿನಲ್ಲಿ ಕೂತು ನಿಜವಾಗಿಯೂ ಫಾಲ್ ಹಚ್ಚಿದರು. ಘಟ್ಟದ ತಿರುವುಗಳಲ್ಲಿ ಸೂಜಿ ಬೆರಳಿಗೆ ಚುಚ್ಚಿತಂತೆ. "ಸುಳ್ಳು ಹೇಳಿ ತಂದಿದ್ದು ಮಾರಾಯ್ತಿ, ಹೊಲಿಗೆಯಾದ್ರೂ ಖರೇ ಇರ್ಲಿ" ಎಂದು ಆಮೇಲೆ ನಕ್ಕರು.

ಅಲ್ಲಿನ ಆಸ್ಪತ್ರೆಯಲ್ಲಿ ಪುಸ್ತಕ ಕೊಟ್ಟರೂ ಪತ್ರ ಬೇಕೆಂದರು. ಆಪಾನ ಮರಾಠಿ ಹೊರಬಿತ್ತು. ಆ ಗದ್ದಲ ಕೇಳಿ ಎದ್ದು ಬಂದವರು ಫಿಲೋಮೆನಾ ಬಾಯಿ, ಗೋವಾದಲ್ಲಿ ನಮ್ಮಂಥದೇ ಒಂದು ಸಂಸ್ಥೆ ನಡೆಸುವವರು. ಅವರು ನನಗೆ ಫೋನ್ ಮಾಡಿದರು. ನಾನು ಇಲ್ಲಿನ ಡಾಕ್ಟರರ ಸಹಿ ಹಾಕಿಸಿ ಪತ್ರ ಕಳಿಸಿದೆ. ಹತ್ತು ನಿಮಿಷದ ಕೆಲಸ. ಅದಕ್ಕಾಗಿ ರತ್ನವ್ವ, ಒಂದು ದಿನವೂ ತಪ್ಪಬಾರದ ಗುಳಿಗೆಯಿಲ್ಲದೆ ಹನ್ನೊಂದು ದಿನ ಕಳೆದಿದ್ದಳು. ಆಪಾ ನನ್ನನ್ನು ಬೈಯಲಿಲ್ಲ. "ಇನ್ನು ಮುಂದೆ ಯಾರೇ ಊರು ಬಿಟ್ರೂ ಮೊದಲು ಕಾಗದ" ಎಂದರು, ಅಷ್ಟೇ.

ಎರಡು ರಾಜ್ಯಗಳ ನಡುವಿನ ನಮ್ಮ ನಂಟು ಹಾಗೆ ಶುರುವಾಯಿತು. ಇಲ್ಲಿಂದ ಒಬ್ಬರು ಹೊರಟರೆ ಅಲ್ಲಿಗೆ ಫೋನ್. ಅಲ್ಲಿಂದ ಮರಳಿದರೆ ಇಲ್ಲಿಗೆ. ಮಹಾರಾಷ್ಟ್ರದ ಗಡಿಯ ಇನ್ನೊಂದು ಸಂಸ್ಥೆಯೂ ಸೇರಿಕೊಂಡಿತು. ಎಲ್ಲರೂ ಯಲ್ಲಾಪುರದಲ್ಲಿ ಸಭೆ ಸೇರಿದೆವು. ಗಡಿ ದಾಟುವವರೆಲ್ಲರ ಹೆಸರು, ಊರು ಬರೆದ ಪಟ್ಟಿಯನ್ನು ಮೂರೂ ಕಡೆ ಇಟ್ಟುಕೊಂಡರೆ ಕೆಲಸ ಸಲೀಸು ಎಂಬ ಮಾತು ಬಂತು. ಪಟ್ಟಿಯ ನಮೂನೆ ಮಾಡಿ ತಂದವಳು ನಾನೇ.

ಆಪಾ ಎದ್ದು ನಿಂತರು. ಅವರ ಸ್ವರ ಅಷ್ಟು ಸಣ್ಣದಾದದ್ದನ್ನು ಅಂದೇ ಕೇಳಿದ್ದು. "ನನ್ನ ಗಂಡನ ರಿಪೋರ್ಟು ನನಗಿಂತ ಮೊದಲು ನಮ್ಮ ಓಣಿಗೆ ಗೊತ್ತಾಗಿತ್ತು. ನಲ್ಲಿ ಹತ್ರ ನನ್ನ ಕೊಡ ದೂರ ಇಟ್ಟಾಗ್ಲೇ ನಂಗೆ ತಿಳಿದದ್ದು. ಮನೆ ಬದಲಿಸಿದೆ. ಪಟ್ಟಿ ಮಾಡೋದಾದ್ರೆ ಮೊದಲು ನನ್ನ ಹೆಸರು ತೆಗೀರಿ, ಆಮೇಲೆ ನನ್ನ ಕೆಲಸದಿಂದ ತೆಗೀರಿ."

ಫಿಲೋಮೆನಾ ಬಾಯಿ ತಮ್ಮ ಮುಂದಿದ್ದ ನಮೂನೆಯನ್ನು ಮಡಚಿ ನನಗೆ ವಾಪಸು ಕೊಟ್ಟರು. ಪಟ್ಟಿ ಆಗಲಿಲ್ಲ. ಹೋಗುವವರು ಒಪ್ಪಿದರೆ ಮಾತ್ರ ಅವರ ಕೈಯಲ್ಲೇ ಪತ್ರ, ಫೋನಿನಲ್ಲಿ ಪುಸ್ತಕದ ನಂಬರು ಮಾತ್ರ ಎಂದು ಒಪ್ಪಂದವಾಯಿತು. ಈಗಲೂ ಹಾಗೆಯೇ ನಡೆದಿದೆ.

ಕಳೆದ ವರ್ಷ ಹಸೀನಾ ಆಪಾ ಹೃದಯಾಘಾತದಿಂದ ಹೋಗಿಬಿಟ್ಟರು. ಮೂರನೇ ದಿನ ಅವರ ಮನೆಗೆ ಹೋದೆ. ಬಾಗಿಲ ಹೊರಗೆ ಚಪ್ಪಲಿ ಬಿಡಲು ಜಾಗ ಇರಲಿಲ್ಲ. ಒಳಗೆ ಮಗಳ ಪಕ್ಕ ಫಿಲೋಮೆನಾ ಬಾಯಿ, ಗೋಡೆಗೊರಗಿ ರತ್ನವ್ವ, ನಾನು ಪುಸ್ತಕದ ನಂಬರಿನಿಂದಷ್ಟೇ ಬಲ್ಲ ಎಷ್ಟೋ ಹೆಂಗಸರು. ಈ ಓಣಿಯವರಿಗೆ ಆಪಾ ಬರೀ ಟೇಲರಮ್ಮ. ಪಕ್ಕದ ಮನೆಯ ಮುದುಕಿಗೆ ಅಚ್ಚರಿ ತಡೆಯಲಾಗಲಿಲ್ಲ. "ನೀವೆಲ್ಲ ಯಾರವ್ವಾ? ಎಲ್ಲಿಂದ ಬಂದ್ರಿ?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು.

"ಪರಿಚಯದಾವ್ರು" ಎಂದಳು ರತ್ನವ್ವ. ಅವಳ ಪಕ್ಕದವಳೂ ಅದನ್ನೇ ಹೇಳಿದಳು. ಆಚೆಯವಳೂ ಅದನ್ನೇ.

ಮುದುಕಿ ನನ್ನ ಕಡೆ ತಿರುಗಿದಳು. ನನಗೆ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಆದರೆ ನನ್ನ ಕೆಲಸ ಯಾವುದೆಂದು ಹೇಳಿದ್ದರೆ ಅಲ್ಲಿ ಕೂತವರೆಲ್ಲರ ಗುಟ್ಟು ಹೇಳಿದಂತಾಗುತ್ತಿತ್ತು.

"ನಾನೂ ಪರಿಚಯದವಳೇ ಅಮ್ಮಾ" ಎಂದೆ.

ರತ್ನವ್ವ ತುಸು ಸರಿದು ಚಾಪೆಯ ಮೇಲೆ ನನಗೆ ಜಾಗ ಮಾಡಿಕೊಟ್ಟಳು.