ದಬ್ಬೆ ಹಾಸುವ ಬುಡನ್‌ಸಾಬ್

ನ್ಯಾಮತಿಯ ಬುಡನ್‌ಸಾಬ್‌ಗೆ ನಾನು ಹದಿನೈದು ವರ್ಷದಿಂದ ಹಗ್ಗ ಮಾರುತ್ತಿದ್ದೇನೆ. ಒಮ್ಮೆಯೂ ಬೈಯದೆ ಒಯ್ದವನಲ್ಲ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಹಗ್ಗದಲ್ಲಿ ಚಾಪೆಯಂತೆ ಹೆಣೆದು ಹಾಸು ಮಾಡಿ, ಭತ್ತದ ಲಾರಿಗಳು ಕೆಸರುಗದ್ದೆಯಲ್ಲಿ ಹೂತುಹೋಗದಂತೆ ದಾರಿ ಹಾಸುವುದು ಅವನ ಕಸುಬು.

ಹೊನ್ನಾಳಿ ಹತ್ತಿರದ ಕಲ್ಲೇಶಪ್ಪನಿಗೂ ಅವನಿಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹಾಸು ಎಳೆಯುವಾಗ ಬದು ಒಡೆದನೆಂದು ಕಲ್ಲೇಶಪ್ಪ ನಾಲ್ಕು ಜನರೆದುರು ಅವನನ್ನು ಗದ್ದೆಯಿಂದ ನೂಕಿಸಿದ್ದ. ಇನ್ನು ನೀವಾಗಿ ಕರೆದರಷ್ಟೇ ಕಾಲಿಡುತ್ತೇನೆಂದು ಹೇಳಿ ಬುಡನ್‌ಸಾಬ್ ಹೋಗಿದ್ದ.

ಕಳೆದ ಮಳೆಗಾಲ ಹೊಳೆ ಉಕ್ಕಿ, ಇಟ್ಟಿಗೆ ಭಟ್ಟಿಯ ದಿಬ್ಬದ ಮೇಲೆ ಏಳು ಜನ ಸಿಕ್ಕಿಕೊಂಡರು. ಅವರಲ್ಲಿ ಬುಡನ್‌ಸಾಬ್‌ನ ತಂಗಿ ಅಮೀರುನ್ನೀಸಾ ಒಬ್ಬಳು. ದೋಣಿ ಹೊತ್ತ ಸೇನೆಯ ಟ್ರಕ್ಕು ನೀರಿನವರೆಗೆ ಹೋಗಲು ಉಳಿದಿದ್ದು ಕಲ್ಲೇಶಪ್ಪನ ಗದ್ದೆಯೊಂದೇ. ಸೇನೆಯವರ ಅಲ್ಯೂಮಿನಿಯಂ ಹಾಸು ಬೇರೆ ಊರಿಗೆ ಹೋಗಿತ್ತು. ವಿಷಯ ತಿಳಿದ ಬುಡನ್‌ಸಾಬ್ ಟ್ರ್ಯಾಕ್ಟರಿನಲ್ಲಿ ತನ್ನ ಹಾಸುಗಳನ್ನು ತಂದು ರಸ್ತೆಯಲ್ಲಿ ಇಳಿಸಿ, ಅಲ್ಲೇ ಕೈಕಟ್ಟಿ ನಿಂತ.

ಕಲ್ಲೇಶಪ್ಪ ಅವನತ್ತ ತಿರುಗಿಯೂ ನೋಡದೆ ತನ್ನ ಆಳುಗಳಿಂದಲೇ ಹಾಸಿಸಿದ. ಕೊಟ್ಟಿಗೆಯ ಮಾಡಿಗೆ ದಬ್ಬೆ ಹೊದಿಸಿ ಪಳಗಿದ ಕೈಗಳು ಅವು. ನೀರು ಜಾರಿಹೋಗಲೆಂದು ನುಣುಪಾದ ಬೆನ್ನನ್ನೇ ಮೇಲೆ ಮಾಡಿದವು. ನೀರು ಜಾರಿತು, ಟ್ರಕ್ಕೂ ಜಾರಿತು. ಮುಂದಿನ ಚಕ್ರ ಹಾಸು ಬಿಟ್ಟು ಅಚ್ಚಿನವರೆಗೂ ಕೆಸರಿಗಿಳಿಯಿತು.

ಇದನ್ನು ಸರಿಮಾಡುವವರು ಯಾರೆಂದು ಸುಬೇದಾರರು ಕೇಳಿದರು. ಎಲ್ಲರ ಕಣ್ಣು ರಸ್ತೆಯತ್ತ ಹೋಯಿತು.

“ಬಾ ಅಂತ ಒಂದು ಮಾತು ಅನ್ರಿ ಗೌಡ್ರೆ, ಸಾಕು,” ಎಂದ ಬುಡನ್‌ಸಾಬ್.

“ನಾನ್ಯಾಕೆ ಕರೀಲಿ? ಅಲ್ಲಿರಾಕಿ ನಿನ್ನ ತಂಗಿ,” ಎಂದ ಕಲ್ಲೇಶಪ್ಪ.

ದಿಬ್ಬದ ಅಂಚಿನ ಇಟ್ಟಿಗೆ ಸಾಲು ನೀರಿಗೆ ಕುಸಿಯಿತು. ಬುಡನ್‌ಸಾಬ್ ಚಪ್ಪಲಿ ಬಿಟ್ಟು ಗದ್ದೆಗಿಳಿದ. ಆಳುಗಳನ್ನು, ಮಳೆಯನ್ನು, ಸಾಲದ್ದಕ್ಕೆ ಸುಬೇದಾರರನ್ನೂ ಬೈಯುತ್ತ ಹಾಸುಗಳನ್ನೆಲ್ಲ ಮಗುಚಿ, ನಾರಿನ ಒರಟು ಮೈ ಮೇಲೆ ಬರುವಂತೆ ಮಾಡಿ, ತುದಿಗಳಿಗೆ ಗೂಟ ಹೊಡೆದ. ಟ್ರ್ಯಾಕ್ಟರು ಎಳೆಯಿತು; ಚಕ್ರ ನಾರು ಕಚ್ಚಿ ಮೇಲೆದ್ದಿತು. ಮಧ್ಯಾಹ್ನದೊಳಗೆ ಏಳು ಜನರೂ ದೋಣಿಯಲ್ಲಿ ಈಚೆ ಬಂದರು.

ಅವನು ತಂಗಿಯ ಕೈ ಹಿಡಿದು ಹೊರಟಾಗ ಕಲ್ಲೇಶಪ್ಪ ಸುಮ್ಮನಿರಲಿಲ್ಲ. “ಕರೀದೇ ಬಂದ್ಯಲ್ಲೋ ಕೊನಿಗೆ,” ಎಂದ.

“ಬಂದೆ. ಇನ್ನು ನೀವು ಕರೆದ್ರೂ ಬರಾಕಿಲ್ರಿ.”

ಈ ಸುಗ್ಗಿಯಲ್ಲೂ ಹಾಸಿಲ್ಲದೆ ಕಲ್ಲೇಶಪ್ಪನ ಗದ್ದೆಗೆ ಲಾರಿ ಇಳಿಯಲಿಲ್ಲ. ಭತ್ತವೆಲ್ಲ ಆಳುಗಳ ತಲೆಯ ಮೇಲೆ ರಸ್ತೆಗೆ ಬಂತು.